ಹೊರೆಗೆ ಒಂದು ಕೈ

ನನ್ನ ಮೊಮ್ಮಗಳು ಫಾರೆಸ್ಟ್ ಗಾರ್ಡ್ ಆಗಿದ್ದಾಳೆ. ಕೂಡ್ಲಿಗಿಯ ನಮ್ಮ ಕೇರಿಯಲ್ಲಿ ಆ ಖಾಕಿ ತೊಟ್ಟವಳು ಇವಳೇ ಮೊದಲು. ಇಂದು ಅವಳು ಕೆಲಸಕ್ಕೆ ಹೋದಾಗಿನಿಂದ ನನಗೆ ಪಕ್ಕದ ಮನೆಯ ಅಕ್ಕನದೇ ನೆನಪು.

ಗುಡ್ಡಕ್ಕೆ ಕಟ್ಟಿಗೆಗೆ ಹೋದರೆ ನಮ್ಮೆಲ್ಲರ ಹೊರೆಯನ್ನೂ ಅಕ್ಕನೇ ತಲೆಗೆ ಎತ್ತಿಕೊಡುತ್ತಿದ್ದಳು. ಕೊನೆಗೆ ತನ್ನ ಹೊರೆಗೆ ಸಿಂಬೆ ಸುತ್ತಿಕೊಂಡು, ದಾರಿಯಲ್ಲಿ ಯಾರೇ ಬರಲಿ, "ಒಂದು ಕೈ ಹಚ್ಚರಿ" ಅನ್ನುತ್ತಿದ್ದಳು. ಒಮ್ಮೆ ಗಾರ್ಡ್ ಬಂದ. ಕುಡುಗೋಲು ಕಸಿಯುತ್ತಾನೆಂದು ನಾವೆಲ್ಲ ಹೊರೆ ಬಿಟ್ಟು ಓಡಿದೆವು. ಅಕ್ಕ ನಿಂತಲ್ಲೇ ನಿಂತು, "ಬಾರಪ್ಪಾ, ಒಂದು ಕೈ ಹಚ್ಚು" ಅಂದಳು. ಅವನು ಎತ್ತಿಯೇಬಿಟ್ಟ. ಆಮೇಲೆ ಎಚ್ಚರಾಗಿ ಬೈಯತೊಡಗಿದ.

"ಬೈಯಪ್ಪಾ, ಹೊರಿ ಅಂತೂ ತಲಿಮ್ಯಾಲೆ ಕುಂತೈತಿ" ಎಂದು ಅಕ್ಕ ನಡೆದಳು.

ಅಕ್ಕ ಈಗಿಲ್ಲ. ಮೊಮ್ಮಗಳ ಖಾಕಿಯನ್ನು ಅವಳು ಒಮ್ಮೆ ಮುಟ್ಟಿ ನೋಡಬೇಕಿತ್ತು.

ಸಂಜೆ ಮನೆಯವರೆಲ್ಲ ಊಟಕ್ಕೆ ಕುಳಿತಾಗ ಮೊಮ್ಮಗಳನ್ನು ಕೇಳಿದೆ, "ಗುಡ್ಡದಾಗ ಯಾರರ ಸಿಕ್ಕಿದ್ರೇನವ್ವಾ?"

"ಒಬ್ಬಾಕಿ ಮುದುಕಿ ಅಜ್ಜಿ. ನನ್ನ ನೋಡಿ ಹೊರಿ ಬಿಟ್ಟು ಓಡಾಕ ಹತ್ತಿದ್ಲು."

ನನ್ನ ಕೈಯ ತುತ್ತು ಅಲ್ಲೇ ನಿಂತಿತು. "ಆಮ್ಯಾಲ?"

"ಕರ್ದು ತಲಿಗೆ ಎತ್ತಿಕೊಟ್ಟೆ. ಆಮ್ಯಾಲ, ಹಸಿ ಗಿಡ ಕಡೀಬ್ಯಾಡಬೇ ಅಂತ ಬೈದೆ."

ಎಲ್ಲರೂ ನಕ್ಕರು. ನಾನು ಅವಳ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದೆ.