ಆಯಿಲ್ ದೀಪ ಉರಿಯದ ದಿನಗಳು

ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಅದು ಮೊದಲ ಸಲ ಮಿಣುಕಿತು. ನನ್ನ ಹಳೆಯ ವ್ಯಾನಿನ ಸ್ಟಿಯರಿಂಗ್ ಹಿಂದೆ ಎಣ್ಣೆ ಕ್ಯಾನಿನ ಚಿತ್ರವಿರುವ ಒಂದು ಪುಟ್ಟ ಕೆಂಪು ದೀಪವಿದೆ. ಕೀ ತಿರುಗಿಸಿದಾಗ ಹತ್ತಬೇಕು, ಇಂಜಿನ್ ಶುರುವಾದ ಕೂಡಲೇ ಆರಬೇಕು, ಮತ್ತೆ ಹತ್ತಬಾರದು. ಅದು ಆವತ್ತು ಹತ್ತಿತು, ಆರಿತು, ಮತ್ತೆ ಹತ್ತಿತು. ಆಕ್ಸಿಲರೇಟರ್ ಒತ್ತಿದರೆ ಮಾಯ, ಬಿಟ್ಟರೆ ಹಾಜರ್. ಹಿಂದಿನವನು ಹಾರ್ನ್ ಹೊಡೆದು ಹೊಡೆದು ಸುಸ್ತಾದ ಮೇಲೆ ಸಿಗ್ನಲ್ ಬಿಟ್ಟಿರುವುದು ನನಗೆ ಗೊತ್ತಾಯಿತು.

ನಾನು ಮೊದಲೇ ನಿಂತಲ್ಲಿ ನಿಲ್ಲದ ಹೆಂಗಸು. ಹಾಲು ಒಲೆಯ ಮೇಲಿದ್ದರೆ ಉಕ್ಕುವ ತನಕ ಕಾಯಲಾರೆ, ಅಷ್ಟರಲ್ಲಿ ಅಂಗಳ ಗುಡಿಸಿ ಬರುತ್ತೇನೆ, ಹಾಲು ಉಕ್ಕಿರುತ್ತದೆ. ಇಂಥವಳ ಕಣ್ಣೆದುರು ಒಂದು ಕೆಂಪು ದೀಪ ಮಿಣುಕತೊಡಗಿದರೆ ಏನಾಗಬಹುದು ಎಂದು ನಮ್ಮ ಮನೆಯವರನ್ನು ಕೇಳಬೇಕು.

ನಾವು ವಿಜಯಪುರದ ಕಡೆಯವರು. ನಮ್ಮ ಮನೆಯವರಿಗೆ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಕೆಲಸ ಸಿಕ್ಕಿತೆಂದು ಬಂದು ಬಾಗಲಗುಂಟೆಯಲ್ಲಿ ಮನೆ ಮಾಡಿದೆವು. ನಾನು ಮನೆಯಲ್ಲಿ ಜೋಳದ ರೊಟ್ಟಿ ಬಡಿದು ಮಾರುತ್ತಿದ್ದೆ, ಬೇರೆಯವರು ಬಂದು ಒಯ್ಯುತ್ತಿದ್ದರು. ನಲವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತು, ಈ ವ್ಯಾನು ಕೊಂಡು, ನನ್ನ ರೊಟ್ಟಿ ನಾನೇ ಒಯ್ಯತೊಡಗಿದೆ. ಆರ್.ಟಿ. ನಗರದ ಹಾಸ್ಟೆಲ್ಲುಗಳು, ಸಂಜಯನಗರದ ಒಂದು ಖಾನಾವಳಿ, ಯಲಹಂಕದ ಹುಡುಗಿಯರ ಪಿ.ಜಿ. ವ್ಯಾನು ಬರುವ ಮೊದಲು ನನಗೆ ಬೆಂಗಳೂರು ಅಂದರೆ ಬಾಗಲಗುಂಟೆಯ ನಾಲ್ಕಾರು ಅಡ್ಡರಸ್ತೆ ಅಷ್ಟೇ. ಇಂಜಿನ್ ಹೋದರೆ ಇನ್ನೊಂದು ಗಾಡಿ ಕೊಳ್ಳುವ ತಾಕತ್ತು ನಮಗಿಲ್ಲ. ಮೇಲಾಗಿ ನಮ್ಮ ಮನೆಯವರು ರಿಟೈರ್ ಆದಾಗಿನಿಂದ, "ಸಾಕಿನ್ನ, ಗಾಡಿ ಕೊಟ್ಟುಬಿಡೂಣು, ಇಬ್ರೂ ಆರಾಮ ಮನ್ಯಾಗ ಇರೂಣು" ಎಂದು ಒಂದೇ ಸಮನೆ ಹೇಳುತ್ತಿದ್ದರು. ಆರಾಮ ಎಂಬ ಮಾತು ಕೇಳಿದರೇ ನನಗೆ ಮೈ ಪರಚಿಕೊಳ್ಳುವಂತಾಗುತ್ತದೆ.

ದೀಪ ಮಿಣುಕಿದ ದಿನ ಮನೆಗೆ ಬಂದವಳೇ ಅಳತೆ ಕಡ್ಡಿ ಎಳೆದು ನೋಡಿದೆ. ಎಣ್ಣೆ ಮೇಲಿನ ಗೆರೆಯ ತನಕ ಇತ್ತು. ಕಮ್ಮಿಯಾಗಿದ್ದರೆ ಸುರಿದು ನಿಶ್ಚಿಂತೆಯಾಗಬಹುದಿತ್ತು. ಎಣ್ಣೆ ಇದೆ, ಆದರೆ ಹೋಗಬೇಕಾದ ಕಡೆಗೆ ಹೋಗುತ್ತಿಲ್ಲ ಎಂದರೆ ಅದಕ್ಕೆ ಕಾರಣ ಹುಡುಕಬೇಕು.

ಆರ್.ಟಿ. ನಗರದ ಮಸೀದಿ ಹಿಂದಿನ ಗಲ್ಲಿಯಲ್ಲಿ ನನ್ನ ವ್ಯಾನು ನೋಡುವ ಮೆಕ್ಯಾನಿಕ್ ಇದ್ದಾರೆ. ತಮ್ಮ ಮನೆಯವರೊಡನೆ ಫೋನಿನಲ್ಲಿ ಉರ್ದು, ನನ್ನೊಡನೆ ಕನ್ನಡ, ಇಂಜಿನ್ನಿನೊಡನೆ ಎರಡರಲ್ಲೂ ಬೈಗುಳ. ನಾನು ಅವರನ್ನು ಭಾಯ್ ಅನ್ನುತ್ತೇನೆ.

"ಅಕ್ಕಾ, ಟೆನ್ಶನ್ ತಗೋಬೇಡಿ. ಹಳೇ ಗಾಡಿ, ಆಯಿಲ್ ನೀರಾಗಿರುತ್ತೆ. ದಪ್ಪ ಆಯಿಲ್ ಹಾಕ್ಬಿಡೋಣ, ಫಿಲ್ಟರ್ ಚೇಂಜ್ ಮಾಡೋಣ" ಎಂದರು.

ಹಾಕಿದರು. ಎರಡು ದಿನ ದೀಪ ಸುಮ್ಮನಿತ್ತು, ಮೂರನೆಯ ದಿನ ಮೇಕ್ರಿ ಸರ್ಕಲ್ಲಿನಲ್ಲಿ ಮತ್ತೆ ಮಿಣುಕಿತು. ಇನ್ನೊಮ್ಮೆ ಹೋದೆ. ಈ ಸಲ ಸ್ಲೋ ಸ್ಪೀಡ್ ಏರಿಸಿದರು, ಅಂದರೆ ಗಾಡಿ ನಿಂತಾಗಲೂ ಇಂಜಿನ್ ಜೋರಾಗಿ ಓಡುವಂತೆ ಮಾಡಿದರು. ದೀಪ ಹತ್ತಲಿಲ್ಲ ನಿಜ, ಆದರೆ ಸಿಗ್ನಲ್ಲಿನ ಸಾಲಿನಲ್ಲಿ ತೆವಳುವಾಗ ಗಾಡಿ ಮುನ್ನುಗ್ಗಲು ತವಕಿಸುತ್ತಿತ್ತು, ಬ್ರೇಕ್ ಒತ್ತಿ ಒತ್ತಿ ನನ್ನ ಮೊಣಕಾಲು ಹಿಡಿದುಕೊಂಡಿತು. ಬಿಸಿಲು ಏರಿದ ಮೇಲೆ ಅಷ್ಟು ಸ್ಪೀಡಿನಲ್ಲೂ ದೀಪ ಹತ್ತಿತು. ಆಮೇಲೆ ಸ್ವಿಚ್ಚಿನದೇ ತಪ್ಪು ಎಂದು ಇಂಜಿನ್ ಪಕ್ಕದ ಆಯಿಲ್ ಸ್ವಿಚ್ ಬದಲಾಯಿಸಿದರು. ಹೊಸ ಸ್ವಿಚ್ ಕೂಡ ಹಳೆಯದರ ಮಾತನ್ನೇ ಹೇಳಿತು.

ನನಗೆ ಊಟ ಸೇರುತ್ತಿರಲಿಲ್ಲ. ತಟ್ಟೆ ಬಿಟ್ಟು ಎದ್ದು ಹೋಗಿ ವ್ಯಾನು ಸ್ಟಾರ್ಟ್ ಮಾಡಿ ಸೀಟಿಗೆ ಕಿವಿಗೊಟ್ಟು ಕೇಳುತ್ತಿದ್ದೆ. ಸೀಟಿನಡಿಯಲ್ಲೇ ಇಂಜಿನ್ ಇರುವ ವ್ಯಾನು ಅದು. ಮೇಲಿನ ಮನೆಯ ಓನರ್ ಬಾಲ್ಕನಿಯಿಂದ ಬಗ್ಗಿ, "ಏನಮ್ಮ, ಸಂಜೆ ಹೊತ್ತಲ್ಲೂ ಹೊಗೆ" ಎಂದರೂ ಕೇಳದವಳಂತೆ ಇರುತ್ತಿದ್ದೆ. ನಮ್ಮ ಮನೆಯವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಆ ದೀಪ ನೋಡ್ಕೋತ ಗಾಡಿ ಹೊಡದ್ರ ಎದುರಿಗಿ ಬರೋ ಲಾರಿ ಯಾರ್ ನೋಡ್ತಾರ?" ಎಂದು ಕೇಳಿದರು ಒಂದು ದಿನ.

"ನೀವು ನೋಡ್ರಿ" ಎಂದು ಸಿಡುಕಿದೆ. ಅವರು ಸುಮ್ಮನೆ ಒಳಗೆ ಹೋದರು. ಅವರೊಡನೆ ಜಗಳ ಆಡುವುದೇ ಕಷ್ಟ, ಒಂದು ಮಾತಿಗೆ ಇನ್ನೊಂದು ಮಾತು ಸಿಗುವುದಿಲ್ಲ.

ಮರುದಿನವೋ ಅದರ ಮರುದಿನವೋ ದೀಪ ಮಿಣುಕುವುದು ನಿಂತಿತು. ಜಾಲಹಳ್ಳಿ ದಾಟಿದೆ, ರಿಂಗ್ ರೋಡಿನ ಮೆಟ್ರೋ ಕಾಮಗಾರಿಯ ಧೂಳಿನಲ್ಲಿ ತೆವಳಿದೆ, ಮಿಣುಕಲಿಲ್ಲ. ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಮುಂದಿನ ಬಸ್ಸಿನ ಹೊಗೆ ಕುಡಿಯುತ್ತಾ ನಿಂತೆ, ಆಗಲೂ ಇಲ್ಲ. ಒಂದು ವಾರ ಕಳೆಯಿತು. ದಪ್ಪ ಎಣ್ಣೆ ತಡವಾಗಿಯಾದರೂ ಕೆಲಸ ಮಾಡಿತು ಎಂದುಕೊಂಡೆ. ಭಾಯ್‌ಗೆ ಫೋನ್ ಮಾಡಿ ಹೇಳಿದರೆ, "ನಾನ್ ಹೇಳ್ಲಿಲ್ವಾ ಅಕ್ಕಾ" ಎಂದು ಪೂರ್ತಿ ಶಹಬ್ಬಾಸ್‌ಗಿರಿ ತಾವೇ ತೆಗೆದುಕೊಂಡರು.

ಎಷ್ಟೋ ವರ್ಷಗಳ ಮೇಲೆ ನನಗೆ ಹಗುರಾಯಿತು. ಸಂಜೆ ವ್ಯಾನು ನಿಲ್ಲಿಸಿದವಳು ಮನೆ ಮುಂದಿನ ಕಟ್ಟೆಯ ಮೇಲೆ ಕುಳಿತೆ. ನಮ್ಮ ಮನೆಯವರು ಚಹಾ ಮಾಡಿ ತಂದರು, ಪಕ್ಕದಲ್ಲಿ ಕುಳಿತರು. ಕಾರ್ಖಾನೆಯ ಕ್ಯಾಂಟೀನಿನ ಸಾರು ಬೆಲ್ಲದ ಪಾನಕದಂತೆ ಇರುತ್ತಿತ್ತಂತೆ. ನಾನು ಕಟ್ಟಿಕೊಡುತ್ತಿದ್ದ ಶೇಂಗಾ ಚಟ್ನಿಯನ್ನು ಬೇರೆಯವರು ಖಾಲಿ ಮಾಡಿಬಿಡುತ್ತಾರೆಂದು ಹೆಲ್ಮೆಟ್ಟಿನೊಳಗೆ ಬಚ್ಚಿಡುತ್ತಿದ್ದರಂತೆ. ಒಮ್ಮೆ ಮರೆತು ಹಾಗೆಯೇ ಹೆಲ್ಮೆಟ್ ಹಾಕಿಕೊಂಡು ಸಾಹೇಬರ ಮುಂದೆ ನಿಂತಿದ್ದರಂತೆ. ಅವರು ಹೀಗೆ ಮಾತಾಡಬಲ್ಲರೆಂದೇ ನನಗೆ ಗೊತ್ತಿರಲಿಲ್ಲ. ನಕ್ಕು ನಕ್ಕು ಚಹಾ ಸೀರೆಯ ಮೇಲೆ ಚೆಲ್ಲಿಕೊಂಡೆ. ಮರುದಿನವೂ ಕುಳಿತೆವು, ಆಮೇಲೆ ಅದೇ ರೂಢಿಯಾಯಿತು.

ಇದು ಮುಗಿದದ್ದು ಒಂದು ಮಧ್ಯಾಹ್ನ, ಯಲಹಂಕದಿಂದ ಖಾಲಿ ಡಬ್ಬಿಗಳನ್ನು ಹೇರಿಕೊಂಡು ಹೆಬ್ಬಾಳದ ಮೇಲ್ಸೇತುವೆ ಏರುವಾಗ. ಸೀಟಿನಡಿಯಿಂದ ಟಕ ಟಕ ಎಂದು ಸದ್ದು ಬಂತು. ಡಬ್ಬಿಯ ಮುಚ್ಚಳವಿರಬೇಕು ಎಂದುಕೊಂಡೆ. ದೀಪ ನೋಡಿದೆ, ಆರಿಯೇ ಇತ್ತು. ಅಂದಮೇಲೆ ಎಣ್ಣೆಯ ತೊಂದರೆಯಲ್ಲ. ಆದರೆ ಸದ್ದು ಆಕ್ಸಿಲರೇಟರಿನ ಜೊತೆಗೇ ಏರುತ್ತಿತ್ತು, ಇಳಿಯುತ್ತಿತ್ತು. ಮುಚ್ಚಳಕ್ಕೆ ಅಷ್ಟು ವಿದ್ಯೆ ಇರುವುದಿಲ್ಲ. ಸೇತುವೆ ಇಳಿದ ಕೂಡಲೇ ಬದಿಗೆ ಹಾಕಿ ಇಂಜಿನ್ ಬಂದ್ ಮಾಡಿದೆ.

ಆಮೇಲೆ ಸ್ಟಾರ್ಟ್ ಮಾಡದೆ ಬರೀ ಕೀ ತಿರುಗಿಸಿದೆ. ಬ್ಯಾಟರಿ ದೀಪ ಹತ್ತಿತು, ಆಯಿಲ್ ದೀಪ ಹತ್ತಲಿಲ್ಲ. ಇನ್ನೊಮ್ಮೆ ತಿರುಗಿಸಿದೆ, ಹತ್ತಲಿಲ್ಲ. ಎಣ್ಣೆ ಸರಿಹೋಗಿದ್ದಲ್ಲ, ಸರಿಯಿಲ್ಲ ಎಂದು ಹೇಳುವ ದೀಪವೇ ಸತ್ತಿತ್ತು. ದಿನಾ ಬೆಳಿಗ್ಗೆ ಕೀ ತಿರುಗಿಸಿದವಳು ನಾನೇ, ಅದು ಹತ್ತದೆ ಇದ್ದದ್ದನ್ನು ಒಂದು ದಿನವೂ ನೋಡಿರಲಿಲ್ಲ. ನೆಮ್ಮದಿ ಸಿಕ್ಕ ಮೇಲೆ ಯಾರು ಹುಡುಕಲು ಹೋಗುತ್ತಾರೆ.

ಭಾಯ್ ತಮ್ಮ ಪರಿಚಯದ ಜೀಪು ತಂದು ಹಗ್ಗ ಕಟ್ಟಿ ಆರ್.ಟಿ. ನಗರಕ್ಕೆ ಎಳೆದುಕೊಂಡು ಹೋದರು. ಸೀಟು ಎತ್ತಿದರು. ಆಯಿಲ್ ಸ್ವಿಚ್ಚಿಗೆ ಹೋಗಬೇಕಾದ ವೈರನ್ನು ಬಿಚ್ಚಿ ಪಕ್ಕಕ್ಕೆ ಸಿಕ್ಕಿಸಲಾಗಿತ್ತು. ತುದಿಗೆ ಕಪ್ಪು ಟೇಪು ಸುತ್ತಿತ್ತು.

"ಬಿದ್ದಿದ್ದಲ್ಲ ಅಕ್ಕಾ, ಯಾರೋ ತೆಗ್ದಿದಾರೆ. ನೀಟಾಗಿ ತೆಗ್ದಿದಾರೆ" ಎಂದರು ಭಾಯ್.

ಆ ಟೇಪು ಸುತ್ತುವ ಕೈ ನನಗೆ ಗೊತ್ತು. ನಮ್ಮ ಮನೆಯ ಮಿಕ್ಸರಿನ ವೈರಿನಲ್ಲಿ, ಇಸ್ತ್ರಿ ಪೆಟ್ಟಿಗೆಯ ವೈರಿನಲ್ಲಿ, ಕರೆಗಂಟೆಯಲ್ಲಿ ಅದೇ ಬಿಗಿ, ಅದೇ ಓರೆಯಾಗಿ ಕತ್ತರಿಸಿದ ತುದಿ.

ಭಾಯ್ ಸ್ವಿಚ್ ಬಿಚ್ಚಿ ಆ ಜಾಗಕ್ಕೆ ಒತ್ತಡ ತೋರಿಸುವ ಮೀಟರ್ ಕೂರಿಸಿ, ಇಂಜಿನ್ ಒಂದು ಗಳಿಗೆ ಓಡಿಸಿದರು. ಮುಳ್ಳು ಅರ್ಧಕ್ಕೆ ಏರಿತು. ಸ್ಪೀಡ್ ಹೆಚ್ಚಿಸಿದರೆ ಇನ್ನೂ ಏರಬೇಕಾದದ್ದು ಕೆಳಗೆ ಬಿತ್ತು. ತಕ್ಷಣ ಬಂದ್ ಮಾಡಿ, "ಆಯಿಲ್ ಪಂಪ್ ಹೋಗಿದೆ" ಎಂದು ತೀರ್ಪು ಕೊಟ್ಟರು. ನನಗೆ ನಮ್ಮ ಮನೆಯ ಸಂಪಿನ ಮೋಟರು ನೆನಪಾಯಿತು. ಅದು ಗರ್ರೆಂದು ಓಡಿಯೂ ನೀರು ಮೇಲಕ್ಕೆ ಬಾರದಿದ್ದಾಗ, ಪೈಪಿನ ಬಾಯಿಗೆ ಪ್ಲಾಸ್ಟಿಕ್ ಚೀಲ ಅಂಟಿಕೊಂಡಿತ್ತು.

"ಭಾಯ್, ಪಂಪು ಎಳೆಯೋ ಬಾಯಿ ಕಟ್ಟಿರಬಹುದಲ್ಲ?" ಎಂದೆ.

ಅವರು ಒಲ್ಲದ ಮನಸ್ಸಿನಿಂದ ಇಂಜಿನ್ನಿನ ಅಡಿಗಿರುವ ಎಣ್ಣೆಯ ಬಟ್ಟಲನ್ನು, ಅವರ ಮಾತಿನಲ್ಲಿ ಚೇಂಬರನ್ನು, ಬಿಚ್ಚಿ ಇಳಿಸಿದರು. ಎಣ್ಣೆ ಎಳೆಯುವ ಪೈಪಿನ ತುದಿಯ ಜಾಲರಿ ಒದ್ದೆ ಹಿಟ್ಟು ಜರಡಿಯಲ್ಲಿ ಮೆತ್ತಿಕೊಂಡಂತೆ ಮುಚ್ಚಿಹೋಗಿತ್ತು. ಕಪ್ಪು ಜಿಡ್ಡಿನ ನಡುವೆ ಬೂದು ಬಣ್ಣದ ರಬ್ಬರಿನಂಥ ಚೂರುಗಳು. ಭಾಯ್ ಒಂದು ಚೂರನ್ನು ಬೆರಳಲ್ಲಿ ಹೊಸಕಿ ನೋಡಿದರು. ಹಿಂದೊಮ್ಮೆ ಚೇಂಬರ್ ಸೋರುತ್ತಿದೆ ಎಂದಾಗ ಅಂಚಿಗೆ ಪೇಸ್ಟ್ ಹಚ್ಚಿ ಕೂರಿಸಿದವರು ಅವರೇ.

"ಪೇಸ್ಟ್ ಸ್ವಲ್ಪ ಜಾಸ್ತಿ ಆಗಿತ್ತು ಅಕ್ಕಾ. ಮತ್ತೆ ಲೀಕ್ ಆಗ್ಬಾರ್ದು ಅಂತ ಹಾಕಿದ್ದೆ. ಒಳಗಡೆ ಹಿಂಡ್ಕೊಂಡು ಬಿದ್ದಿದೆ."

ಬೇರೆ ದಿನವಾಗಿದ್ದರೆ ಇಡೀ ಗಲ್ಲಿಗೆ ಕೇಳುವಂತೆ ಬೈಯುತ್ತಿದ್ದೆ. ಅಂದು ನನ್ನ ಸಿಟ್ಟನ್ನೆಲ್ಲ ಬೇರೆಯವರಿಗಾಗಿ ಎತ್ತಿಟ್ಟುಕೊಂಡಿದ್ದೆ. ಎಣ್ಣೆ ಸಿಗದೆ ಒಂದು ಬೇರಿಂಗು ಸವೆದು ಒಳಗಿನ ತಾಮ್ರ ಕಾಣುತ್ತಿತ್ತು. ಶಾಫ್ಟಿಗೆ ಪೆಟ್ಟಾಗಿರಲಿಲ್ಲ. ಜಾಲರಿ ತೊಳೆದು, ಬೇರಿಂಗು ಬದಲಾಯಿಸಿದರೆ ಗಾಡಿ ಓಡುತ್ತದೆ ಎಂದರು. "ಇನ್ನೂ ನಾಲ್ಕ್ ದಿನ ಓಡ್ಸಿದ್ರೆ ಇಂಜಿನ್ ಸೀಜ್ ಆಗಿ ನಿಂತ್ಬಿಡ್ತಿತ್ತು ಅಕ್ಕಾ. ದೀಪ ಇದ್ದಿದ್ರೆ ಮೊದ್ಲೇ ಬರ್ತಿದ್ರಿ."

ವ್ಯಾನು ಅಲ್ಲೇ ಬಿಟ್ಟು ಬಸ್ಸು ಹಿಡಿದೆ. ಯಶವಂತಪುರದಲ್ಲಿ ಇಳಿದು ಇನ್ನೊಂದಕ್ಕೆ ಕಾಯುತ್ತಾ ಅತ್ತಿಂದಿತ್ತ ಓಡಾಡಿದೆ. ಗಾಡಿ ಕೊಟ್ಟುಬಿಡೂಣು ಎಂದು ಹೇಳಿ ಹೇಳಿ ಸೋತ ಮನುಷ್ಯ. ಜೀವಮಾನವಿಡೀ ಕರೆಂಟಿನ ಕೆಲಸ ಮಾಡಿದವರು. ಎಚ್ಚರಿಕೆಯ ವೈರು ಕಿತ್ತರೆ ಏನಾಗುತ್ತದೆಂದು ಅವರಿಗೆ ಗೊತ್ತಿಲ್ಲವೇ? ಇಂಜಿನ್ ತಾನಾಗಿ ಸಾಯಲಿ, ಇವಳು ತಾನಾಗಿ ಮನೆಯಲ್ಲಿ ಕೂರಲಿ ಎಂದೇ ಮಾಡಿದ್ದಾರೆ. ಕಟ್ಟೆಯ ಮೇಲೆ ಕುಳಿತು ನನ್ನನ್ನು ನಗಿಸುತ್ತಿದ್ದಾಗಲೂ ಅವರಿಗೆ ಇದು ಗೊತ್ತಿತ್ತು. ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಕೂರಲಾಗಲಿಲ್ಲ.

ಮನೆಗೆ ಹೋದಾಗ ಅವರು ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದರು.

"ಆ ವೈರ್ ಕಿತ್ತಿದ್ದು ನೀವೇನ್ರಿ?"

"ಹೌದು" ಎಂದರು. ಅವರು ಸುಳ್ಳು ಹೇಳುವವರಲ್ಲ.

"ಎಣ್ಣಿ ಸಿಗಲಾರದ ಬೇರಿಂಗ್ ಸವದೈತಿ. ಇಂಜಿನ್ ಸಾಯ್ಲಿ ಅಂತ ಕಿತ್ತಿರೇನು?"

ಸೋಸುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. ಅವರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ಸಾಯ್ಲಿ ಅಂತ ಯಾಕ? ದಿನಾ ಮುಂಜಾನೆ ನೀ ರೊಟ್ಟಿ ಡಬ್ಬಿ ತುಂಬೂದ್ರಾಗ ನಾನು ಕಡ್ಡಿ ಎಳದು ಎಣ್ಣಿ ನೋಡ್ತಿದ್ದೆ. ಎಣ್ಣಿ ಐತಿ ಅಂದಮ್ಯಾಲ ಏನೂ ಆಗೂದಿಲ್ಲ, ದೀಪದ್ದೇ ಸುಳ್ಳು ಅನ್ಕೊಂಡೆ."

"ಇಷ್ಟು ವರ್ಷ ಕೆಲಸ ಮಾಡಿ, ಕಾರ್ಖಾನ್ಯಾಗ ಎಂದಾರ ಹಿಂಗ ವೈರ್ ಕಿತ್ತೀರೇನು?"

"ಕಾರ್ಖಾನ್ಯಾಗ ಕಿತ್ತಿಲ್ಲ. ಅಲ್ಲಿ ನೀ ಇರಲಿಲ್ಲ" ಎಂದರು. ಆಮೇಲೆ ನನ್ನ ಕಡೆ ನೋಡದೆ ಹೇಳಿದರು: "ಆ ದೀಪ ಹತ್ತಿದಾಗಿಂದ ನೀ ಉಣ್ಣಾಕ ಕುಂತಿರಲಿಲ್ಲ. ಒಂದ್ ದಿನಾರ ಸಮಾಧಾನ ಇರ್ಲಿ ಅಂತ ಕಿತ್ತೆ. ಒಂದ್ ವಾರಕ್ಕ, ಸಂಜಿಗೆ ನೀ ಬಂದು ಕಟ್ಟಿ ಮ್ಯಾಲ ಕುಂತಿ, ನಾನೂ ಬಾಜೂಕ ಕುಂತೆ. ಲಗ್ನ ಆದಾಗಿಂದ ನಾವು ಅಷ್ಟ್ ಮಾತಾಡಿದ್ದಿಲ್ಲ. ನಾಳೆ ಹಚ್ಚೂಣು ವೈರ್, ನಾಳೆ ಹಚ್ಚೂಣು ಅಂತ ದಿನಾ ಅನ್ಕೋತಿದ್ದೆ. ಆಗ್ಲಿಲ್ಲ."

ನನ್ನ ಸಿಟ್ಟು ಇಳಿಯಲಿಲ್ಲ. ದುಃಖವೂ ಆಯಿತು, ಅವರ ಮೇಲೋ ನನ್ನ ಮೇಲೋ ತಿಳಿಯಲಿಲ್ಲ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದ ಮನುಷ್ಯನಿಗೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲು ಒಂದು ವೈರು ಕೀಳಬೇಕಾಯಿತು. ಹೆಗಲ ಮೇಲಿನ ಚೀಲ ಕೂಡ ಇಳಿಸದೆ ನಿಂತಿದ್ದೇನೆಂದು ಆಗ ಗಮನಕ್ಕೆ ಬಂತು. ಇಳಿಸಿ ಕುಳಿತೆ.

ಅವರು ಚಹಾದ ಬಟ್ಟಲು ತಂದು ಮುಂದಿಟ್ಟು ಎದುರಿಗೆ ಕುಳಿತರು. ನಾಳೆಯ ರೊಟ್ಟಿ ಹೇಗೆ ಕಳಿಸುವುದು, ಅಂಗಡಿ ಮುಚ್ಚುವುದರೊಳಗೆ ಬೇರಿಂಗು ಸಿಕ್ಕಿತೋ ಇಲ್ಲವೋ, ತಲೆಯಲ್ಲಿ ಬರೀ ಇದೇ. ನನ್ನ ಕಾಲು ತನ್ನಷ್ಟಕ್ಕೆ ಅಲುಗಾಡತೊಡಗಿತು. ಅವರು ಅದನ್ನು ನೋಡಿದರು.

"ಹೋಗು, ಫೋನ್ ಹಚ್ಚು. ಬೇರಿಂಗ್ ಸಿಕ್ಕೈತೇನು ಕೇಳು" ಎಂದರು.

"ಇಲ್ಲ, ಚಹಾ ಮುಗಿಸಿ ಹಚ್ತೀನಿ" ಎಂದೆ. ಬಾಯಿ ಸುಟ್ಟುಕೊಂಡು ಎರಡೇ ಗುಟುಕಿಗೆ ಮುಗಿಸಿದೆ.