ಪುಣೆಯಲ್ಲಿ ಎಡಗೈಗೆ ಬಂದ ಕತ್ತರಿ

ಪುಣೆಗೆ ಕಾಲಿಟ್ಟ ದಿನವೇ ಬಟ್ಟೆ ಸುಡುವುದನ್ನು ಕಂಡೆ. ಬುಧವಾರ ಪೇಟೆಯ ಚೌಕದಲ್ಲಿ ಪರದೇಶಿ ಬಟ್ಟೆಯ ರಾಶಿಗೆ ಬೆಂಕಿ ಇಟ್ಟಿದ್ದರು. ಒಬ್ಬ ಗುಮಾಸ್ತ ಮೈಮೇಲಿನ ಕೋಟು ಬಿಚ್ಚಲು ಒಪ್ಪಲಿಲ್ಲ. ನಾಲ್ಕು ಜನ ಅವನನ್ನು ಕೆಡವಿ, ಮೋರೆಗೆ ಗುದ್ದಿ, ತೋಳು ಹರಿಯುವಂತೆ ಕೋಟು ಎಳೆದು ಬೆಂಕಿಗೆ ಎಸೆದರು. ನಾನು ಗುಳೇದಗುಡ್ಡದ ನೇಕಾರರ ಮಗಳು. ನಮ್ಮಲ್ಲಿ ನೂಲಿಗೆ ಕಾಲು ತಾಕಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇವೆ. ಸ್ವದೇಶಿ ಚಳವಳಿಯ ನ್ಯಾಯ ಆಮೇಲೆ ತಿಳಿಯಿತು. ಅವತ್ತು ಮಾತ್ರ ಈ ಊರಿಗೆ ಹುಚ್ಚು ಹಿಡಿದಿದೆ ಎಂದುಕೊಂಡೆ.

ನನಗೂ ಗಂಡನಿಗೂ ಸಿಕ್ಕಿದ್ದು ವಾಡೆಯ ಮಾಳಿಗೆಯಲ್ಲಿ ಒಂದು ಕೋಣೆ. ವಾಡೆ ಎಂದರೆ ನಡುವೆ ಅಂಗಳ, ಸುತ್ತ ಹತ್ತಾರು ಸಂಸಾರ, ಎಲ್ಲರಿಗೂ ಒಂದೇ ನಳ. ನಾನು ಮೊದಲು ಕಲಿತ ಮರಾಠಿ ನಳದ ಬೈಗುಳ, ಎರಡನೆಯದು ಅದಕ್ಕೆ ಉತ್ತರ. ಕೆಳಗೆ ಗಂಡನ ಅಣ್ಣನ ಅಂಗಡಿ. ನಮ್ಮೂರಿನ ಖಣ, ಅಂದರೆ ರವಿಕೆ ಬಟ್ಟೆ, ಅಲ್ಲಿ ಮಾರುತ್ತಿದ್ದರು. ಗಂಡ ಅವರ ಕೈಕೆಳಗಿದ್ದ. ಭಾವನವರಿಗೆ ಬಾಯಿಗಿಂತ ಕೈಯೇ ಮುಂದು.

ಹೆಂಗಸರು ಸ್ವದೇಶಿ ಬಟ್ಟೆಯನ್ನು ತಾವೇ ಹೊಲಿಯಲಿ ಎಂದು ಪಕ್ಕದ ವಾಡೆಯಲ್ಲಿ ಹೊಲಿಗೆ ತರಗತಿ ಶುರುವಾಯಿತು. ಗಂಡ ಹೂಂ ಎಂದ, ನಾನು ಸೇರಿದೆ. ನಮ್ಮೂರಲ್ಲಿ ಹಳೆಯ ಕುಪ್ಪಸವನ್ನು ಮೇಲಿಟ್ಟು ಹೊಸದನ್ನು ಕತ್ತರಿಸಿ, ಮುಂದೆ ಗಂಟು ಬಿಗಿದರೆ ಮುಗಿಯಿತು. ಇಲ್ಲಿಯವರದು ಪೋಲಕೆ, ಗುಂಡಿಯ ರವಿಕೆ. ಹೆಗಲಿಗೊಂದು, ತೋಳಿಗೊಂದು ಅಳತೆ. ನನ್ನ ಮೊದಲ ಪೋಲಕೆಗೂ ರೂಢಿಯಂತೆ ಗಂಟು ಕಟ್ಟಲು ತುದಿ ಉಳಿಸಿ ಕತ್ತರಿಸಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಕಲಿಸುವ ಅಕ್ಕನವರು ನಗದೆ ಬುದ್ಧಿ ಹೇಳಿದರು. ಹೊಲಿಯಲು ಬಂದರೆ ಕೂಲಿ ಸಿಗುತ್ತದೆ, ಕಲಿಸಲು ಬಂದರೆ ಹೆಣ್ಣುಮಕ್ಕಳ ಶಾಲೆಯಲ್ಲಿ ನೌಕರಿ, ಕತ್ತರಿಸಲು ಬಂದರೆ ಸ್ವಂತ ಅಂಗಡಿ. ಗಂಡಸು ದರ್ಜಿ ಮೈಗೆ ಟೇಪು ಹಿಡಿಯುವುದು ಯಾವ ಹೆಂಗಸಿಗೆ ತಾನೇ ಬೇಕಿತ್ತು? ನನಗೆ ಅಂಗಡಿಯೇ ಬೇಕೆನಿಸಿತು.

ಲಷ್ಕರಿನ, ಅಂದರೆ ದಂಡಿನ ಪೇಟೆಯ, ಒಂದು ಅಂಗಡಿಯವರು ಅಳತೆ ತೆಗೆದು ಕತ್ತರಿಸಲು ಹೆಂಗಸನ್ನು ಹುಡುಕುತ್ತಿದ್ದರು. ಒಪ್ಪಿ ಬಂದೆ. ಭಾವನವರಿಗೆ ಸುದ್ದಿ ಮುಟ್ಟಿತು.

"ನಮ್ಮನಿ ಹೆಣಮಗಳು ಕೊಳ್ಳಾಗ ಟೇಪ ಹಾಕ್ಕೊಂಡು ಬಜಾರದಾಗ ನಿಂದರತಾಳೇನು?" ಎಂದವರೇ ನನ್ನ ಬಲಗೈಯನ್ನು ಹಲಗೆಗೆ ಒತ್ತಿ ಹಿಡಿದು, ಬಟ್ಟೆ ಅಳೆಯುವ ಕಬ್ಬಿಣದ ಗಜದಿಂದ ಹೊಡೆದರು. ಹೆಬ್ಬೆರಳಿನ ಎಲುಬು ಮುರಿದದ್ದು ನನಗೆ ಕೇಳಿಸಿತು. ಬಿಡಿಸಲು ಬಂದ ಗಂಡನ ಬಾಯಿಂದ ರಕ್ತ ಸುರಿಯಿತು. ಊರಲ್ಲಾಗಿದ್ದರೆ ಓಣಿಯೇ ನುಗ್ಗಿ ಬರುತ್ತಿತ್ತು. ಇಲ್ಲಿ ನಾನು ಕನ್ನಡದಲ್ಲಿ ಚೀರಿದೆ, ವಾಡೆಯವರು ಕಿಟಕಿ ಮುಚ್ಚಿಕೊಂಡರು. ಅಷ್ಟು ಒಂಟಿಯಾಗಿ ನಾನು ಎಂದೂ ಇರಲಿಲ್ಲ.

ಮರುದಿನವೇ ಮನೆ ಬಿಟ್ಟೆವು. ಬೆರಳು ಕೂಡಿತು, ಆದರೆ ಮಡಚಲಿಲ್ಲ. ಹಟಕ್ಕೆ ಬಿದ್ದು ಎಡಗೈಗೆ ಕತ್ತರಿ ಹಿಡಿಸಿದೆ. ಬಲಗೈಯವರ ಕತ್ತರಿ ಎಡಗೈಯಲ್ಲಿ ಬಾಯಿ ಬಿಟ್ಟು ಬಟ್ಟೆಯನ್ನು ಅಗಿಯುತ್ತದೆ, ಗೆರೆಯೂ ಕಾಣುವುದಿಲ್ಲ. ಅಂಗೈ ಒಡೆದು ರಕ್ತ ಬಂದರೂ ಹಳೆಯ ಕಾಗದ ಕತ್ತರಿಸುತ್ತ ಕೂತೆ. ಕೊನೆಗೆ ಒಬ್ಬ ಕಮ್ಮಾರ ಅಲಗು ತಿರುಗಿಸಿ ಹೊಸ ಕತ್ತರಿ ಮಾಡಿಕೊಟ್ಟ. ಲಷ್ಕರಿನಲ್ಲಿ ನಿಂತೆ. ಹೆಂಗಸರು 'ಡಾವಖುರಿ' ಎಲ್ಲಿ, ಎಡಗೈಯವಳು ಎಲ್ಲಿ, ಎಂದು ಕೇಳಿಕೊಂಡು ಬರತೊಡಗಿದರು. ಕೆಲವು ವರ್ಷಕ್ಕೆ ನನ್ನದೇ ಅಂಗಡಿಯ ಬಾಗಿಲು ತೆರೆದೆ. ಆ ದಿನ ಸಂತೋಷಕ್ಕೆ ಅತ್ತೆ.

ಅಷ್ಟರಲ್ಲಿ ಭಾವನವರು ವ್ಯಾಪಾರ ಮುಗಿಸಿ ಗುಳೇದಗುಡ್ಡಕ್ಕೆ ಮರಳಿದ್ದರು. ಅವರ ಮಗಳ ಮದುವೆ ಬಂತು. ಚಿಗವ್ವನೇ ಪೋಲಕೆ ಹೊಲಿಯಬೇಕೆಂದು ಹುಡುಗಿ ಹಟ ಹಿಡಿದು ನನ್ನನ್ನು ಕರೆಸಿದಳು. ನಮ್ಮಲ್ಲಿ ಮದುವೆಯ ಖಣಕ್ಕೆ ಅರಿಸಿನ ಹಚ್ಚಿ, ಹಿರಿಯರ ಎದುರು ಕತ್ತರಿ ಹಾಕುತ್ತಾರೆ. ನನ್ನ ಅವ್ವನೂ ಅಲ್ಲಿದ್ದಳು. ಎಡಗೈಯಲ್ಲಿ ಕತ್ತರಿ ತೆಗೆದುಕೊಂಡೆ.

"ಎಡಗೈ ಬ್ಯಾಡ," ಎಂದರು ಭಾವನವರು. "ಮದವಿ ಖಣ ಅದ. ಬಲಗೈಲೆ ಹಾಕು."

"ನನ್ನ ಬಲಗೈ ನೀವ ಇಟ್ಟಗೊಂಡೀರಿ, ಭಾವಾರ. ಕೊಡ್ರಿ, ಹಾಕತೀನಿ."

ಭಾವನವರು ತಲೆ ತಗ್ಗಿಸಿದರು. ಹುಡುಗಿ ಖಣವನ್ನು ನನ್ನ ಮಡಿಲಿಗೆ ಹಾಕಲು ಬಂದಳು. ನಡುವೆ ಕೈ ಚಾಚಿ ಅದನ್ನು ಕಿತ್ತುಕೊಂಡವಳು ನನ್ನ ಹೆತ್ತವ್ವ.

"ಶುಭದಾಗ ಅಪಶಕುನ ಮಾಡಬ್ಯಾಡ," ಎಂದಳು. "ನೀ ನಿನ್ನ ಪುಣೇಕ್ಕ ಹೋಗವಾ."