ಅತ್ತೆಯ ಸೊಂಟದ ಕಪ್ಪು ಗುರುತು

ಮೊದಲು ಬಂದದ್ದು ತಲೆನೋವು. ಕಾರ್ತಿಕ ಮುಗಿಯುತ್ತಿತ್ತು. ಅತ್ತೆ ಹಾಲಿನ ಚೊಂಬನ್ನು ಜಗಲಿಯ ಮೇಲಿಟ್ಟು ಅಲ್ಲೇ ಕುಳಿತುಬಿಟ್ಟರು. ಹಣೆ ಮುಟ್ಟಿದೆ. ಸುಡುತ್ತಿತ್ತು.

ಹನೂರಿನಾಚೆ ಕಾಡಂಚಿನ ಊರು ನಮ್ಮದು. ಹಸು ಗೌರಿ ಮೇಯ್ದು ಬಂದಾಗಲೆಲ್ಲ ಅತ್ತೆ ಅದರ ಕಿವಿಯೊಳಗಿನ ಉಣ್ಣೆಗಳನ್ನು ಕಿತ್ತು, ಸೀಮೆಎಣ್ಣೆಯಿದ್ದ ತೆಂಗಿನ ಚಿಪ್ಪಿಗೆ ಹಾಕುತ್ತಿದ್ದರು. ನಾನು ದೂರ ನಿಂತು ಮುಖ ಕಿವುಚಿದರೆ ಅವರಿಗೆ ನಗು.

“ಯಾಕವ್ವ, ನಿಮ್ ಕಾನ್ವೆಂಟ್ ಸಿಸ್ಟ್ರುಗೋಳು ಉಣ್ಣೆ ಕೀಳದ ಕಲಿಸ್ನಿಲ್ವಾ?”

ಶಿವರಾತ್ರಿ ಕಳೆದರೆ ಉಣ್ಣೆ ಕಾಲ. ಆಗ ಹಸುವಿಗೆ ಹೊಂಗೆ ಎಣ್ಣೆ ಸವರುವರು, ದಿನವೂ ತಮ್ಮ ಮೈಮೇಲೂ ಉಣ್ಣೆ ಹುಡುಕಿಕೊಳ್ಳುವರು. ಮಳೆ ಹಿಡಿದ ಮೇಲೆ ಎಣ್ಣೆಯ ಬಾಟಲಿ ಅಟ್ಟ ಸೇರುತ್ತಿತ್ತು. ಅವರ ಅತ್ತೆಯ ಕಾಲದಿಂದಲೂ ಹಾಗೇ. ಆದರೆ ಈಚಿನ ವರ್ಷಗಳಲ್ಲಿ ಚಳಿಯೇ ಸರಿಯಾಗಿ ಬೀಳುತ್ತಿಲ್ಲ. ಕಾರ್ತಿಕದಲ್ಲೂ ಗೌರಿಯ ಕಿವಿ ತುಂಬ ಉಣ್ಣೆ. ಅತ್ತೆ ಬೆರಗಾಗಿ ಕಿತ್ತರು. ಬಾಟಲಿ ಮಾತ್ರ ಇಳಿಯಲಿಲ್ಲ. ತಮ್ಮ ಮೈಯನ್ನೂ ನೋಡಿಕೊಳ್ಳಲಿಲ್ಲ.

“ಇದು ಅದ್ರ ಕಾಲ ಅಲ್ಲ ಕಣ್ ಮಗ.”

ಜ್ವರದ ಮೂರನೇ ದಿನ ಒದ್ದೆ ಬಟ್ಟೆಯಿಂದ ಅವರ ಮೈ ಒರೆಸಿದೆ. ಒಳಲಂಗದ ಲಾಡಿ ಬಿಗಿದು ಬಿಗಿದು ಸೊಂಟದ ಸುತ್ತ ಕಪ್ಪು ಪಟ್ಟಿಯಾಗಿತ್ತು. ಆ ಕಪ್ಪಿನ ನಡುವೆ ಉದ್ದಿನಕಾಳಿನಷ್ಟು ಒಂದು ಹಕ್ಕಳೆ, ಸುತ್ತ ಕೆಂಪು.

“ಲಾಡಿ ಒತ್ತಿರದು, ಬುಡು” ಎಂದರು.

ನನ್ನ ಸೊಂಟದಲ್ಲೂ ಅಂಥದೇ ಪಟ್ಟಿಯಿದೆ. ನಂಬಿದೆ. ಲಾಡಿಯನ್ನು ಸ್ವಲ್ಪ ಸಡಿಲಿಸಿ ಕಟ್ಟಿದೆ.

ಕೊಳ್ಳೇಗಾಲದ ಡಾಕ್ಟರ್ ಚಿಕ್ಕ ವಯಸ್ಸಿನವರು. “ಮೈಮೇಲೆ ಏನಾದ್ರೂ ಕಚ್ಚಿದ ಗುರುತು, ಕಪ್ಪು ಹುಣ್ಣು ಇದೆಯಾ?” ಎಂದು ಕೇಳಿದರು.

ಅತ್ತೆ ಸೆರಗನ್ನು ಎಳೆದುಕೊಂಡರು. “ಇಲ್ಲ ಸಾ.”

ಡಾಕ್ಟರ್ ನನ್ನತ್ತ ನೋಡಿದರು. ಗಂಡಸಿನ ಮುಂದೆ ಸೊಂಟದ ಮಾತು ಹೇಗೆ ಆಡಲಿ?

“ನೋ ಡಾಕ್ಟರ್” ಎಂದೆ.

ಡೆಂಗ್ಯೂ ಟೆಸ್ಟ್ ನೆಗೆಟಿವ್. ವೈರಲ್ ಫೀವರ್ ಇರಬಹುದು ಎಂದು ಮಾತ್ರೆ ಕೊಟ್ಟರು. ಮತ್ತೆ ನಾಲ್ಕು ದಿನ ಹೋಯಿತು. ಅಂಗೈಯಲ್ಲಿ ಕೆಂಪು ಚುಕ್ಕಿಗಳೆದ್ದವು. ಆಮೇಲೆ ಉಸಿರು ಕಟ್ಟತೊಡಗಿತು. ಆಂಬುಲೆನ್ಸ್‌ನಲ್ಲಿ ಮೈಸೂರಿಗೆ ಕರೆದೊಯ್ದೆವು. ಐಸಿಯುನಲ್ಲಿ ಬಟ್ಟೆ ಬದಲಿಸುತ್ತಿದ್ದ ನರ್ಸ್ ಆ ಹಕ್ಕಳೆ ನೋಡಿದವಳೇ ಡಾಕ್ಟರನ್ನು ಕೂಗಿದಳು.

ಟಿಕ್ ಟೈಫಸ್. ಉಣ್ಣೆ ಕಚ್ಚಿ ಬರುವ ಜ್ವರ.

“ಮೊದಲೇ ಗೊತ್ತಾಗಿದ್ರೆ ಮಾತ್ರೆಯಲ್ಲೇ...” ಎಂದ ಹಿರಿಯ ಡಾಕ್ಟರಮ್ಮ ನನ್ನ ಮುಖ ನೋಡಿ ಮಾತು ಬದಲಿಸಿದರು. “ಸೆಕೆಗಾಲ ಉದ್ದ ಆಗ್ತಿದೆಯಮ್ಮ. ಉಣ್ಣೆಗೂ ಕಾಲ ಉದ್ದ ಆಗಿದೆ. ನಾವೂ ಈಗ ತಿಂಗಳು ನೋಡೋದಿಲ್ಲ, ಮೈ ನೋಡ್ತೀವಿ.”

ಎರಡನೇ ದಿನ ಅತ್ತೆ ಹೋದರು.

ತಿಥಿ ಮುಗಿದ ಮೇಲೆ ಗಂಡ, “ನಿಂಗೇನ್ ಗೊತ್ತಿತ್ತು, ಬುಡು” ಎಂದರು. ನಾನು ನೋಡಿದ್ದೆ, ಡಾಕ್ಟರ್ ಕೇಳಿದ್ದರು, ಇಲ್ಲ ಎಂದಿದ್ದೆ. ಅಷ್ಟನ್ನೂ ಹೇಳಿದೆ. ಅವರು ಎದ್ದು ಅಟ್ಟ ಹತ್ತಿ ಹೊಂಗೆ ಎಣ್ಣೆಯ ಬಾಟಲಿ ತಂದು ನನ್ನ ಮುಂದಿಟ್ಟರು. ಬಾಟಲಿಯ ಕುತ್ತಿಗೆಗೆ ಅತ್ತೆಯ ಬೆರಳುಗಳ ಜಿಡ್ಡು ಇನ್ನೂ ಅಂಟಿತ್ತು.

ಈಗ ಗೌರಿಗೆ ಎಲ್ಲ ತಿಂಗಳೂ ನಾನೇ ಸವರುತ್ತೇನೆ. ಮೊದಮೊದಲು ಒದೆಯುತ್ತಿತ್ತು. ಈಗ ನಿಲ್ಲುತ್ತದೆ.

ಹೋದ ವಾರ ನನಗೇ ಜ್ವರ ಬಂತು. ಕೊಳ್ಳೇಗಾಲದಲ್ಲಿ ಅದೇ ಡಾಕ್ಟರ್. ಅವರು ಕೇಳುವ ಮೊದಲೇ ಸೆರಗು ಸರಿಸಿ ಸೊಂಟ ತೋರಿಸಿದೆ. ಟಾರ್ಚ್ ಬೆಳಕು ಬಿಟ್ಟು ನಿಧಾನವಾಗಿ ನೋಡಿದರು.

“ಇದು ಬರೀ ಲಾಡಿ ಗುರುತು ಕಣಮ್ಮ.”

ಅಲ್ಲೇ ಅಳು ಬಂದುಬಿಟ್ಟಿತು. ಪಾಪ, ಅವರು ಗಾಬರಿಯಾಗಿ, “ಏನೂ ಇಲ್ಲಮ್ಮ, ಏನೂ ಇಲ್ಲ” ಎನ್ನುತ್ತಲೇ ಇದ್ದರು.